ರಂಜಕ ತೋಡು (ಸಣ್ಣ ಹಳ್ಳ) ಸೇರದಂತೆ ತಡೆಯುವುದು ಹೇಗೆ? ಕರಾವಳಿಯ ತೋಟ, ಗದ್ದೆಗಳಿಗೆ ಒಂದು ಹೋಲಿಕೆ

ಉಡುಪಿ, ಮಂಗಳೂರು ಕಡೆ ಗೊಬ್ಬರದ ಮಾತು ಬಂದರೆ ಮೊದಲ ಪ್ರಶ್ನೆ ಇಳುವರಿಯದ್ದು. ಸಹಜವೇ. ಈ ಬರಹ ಮಾತ್ರ ಗಿಡಕ್ಕೆ ಸಿಗದೆ ಉಳಿದ ಗೊಬ್ಬರದ ಬಗ್ಗೆ. ಅದು ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತದೆ? ತಡೆಯಲು ಇರುವ ದಾರಿಗಳಲ್ಲಿ ನಿಮ್ಮ ಜಾಗಕ್ಕೆ ಯಾವುದು ಹೊಂದುತ್ತದೆ? ಅದರಲ್ಲೂ ರಂಜಕದ ವಿಷಯ ಇಲ್ಲಿ ಮುಖ್ಯ. ಡಿಎಪಿ, ಸೂಪರ್ ಫಾಸ್ಫೇಟ್, ರಾಕ್ ಫಾಸ್ಫೇಟ್, ಕೋಳಿ ಗೊಬ್ಬರ, ಹಟ್ಟಿ ಗೊಬ್ಬರ ಎಲ್ಲದರಲ್ಲೂ ಇರುವ ಫಾಸ್ಫರಸ್ ಅದು.

ಸಲಹೆಗಳಿಗೆ ಕೊರತೆ ಇಲ್ಲ. ಒಬ್ಬರು ಗೊಬ್ಬರ ಕಡಿಮೆ ಮಾಡಿ ಎನ್ನುತ್ತಾರೆ. ಇನ್ನೊಬ್ಬರು ಇಂಗುಗುಂಡಿ ತೋಡಿ ಎನ್ನುತ್ತಾರೆ. ಲಾವಂಚ ನೆಡಿ ಎನ್ನುವವರಿದ್ದಾರೆ, ಪೂರ್ತಿ ಸಾವಯವಕ್ಕೆ ಬನ್ನಿ ಎನ್ನುವವರೂ ಇದ್ದಾರೆ. ಒಂದೊಂದು ಕಡೆ ಒಂದೊಂದು ಸರಿ. ಗುಡ್ಡೆಯ ರಬ್ಬರ್ ತೋಟಕ್ಕೆ ಸರಿಯಾದದ್ದು ಬೈಲಿನ ಗದ್ದೆಯಲ್ಲಿ ಏನೂ ಮಾಡದೆ ಹೋಗಬಹುದು. ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ: ನಿಮ್ಮ ಜಾಗದಿಂದ ರಂಜಕ ಮಣ್ಣಿಗೆ ಅಂಟಿಕೊಂಡು ಹೋಗುತ್ತಿದೆಯೋ, ನೀರಿನಲ್ಲಿ ಕರಗಿ ಹೋಗುತ್ತಿದೆಯೋ? ಉಳಿದ ಆಯ್ಕೆಗಳೆಲ್ಲ ಈ ಉತ್ತರದ ಮೇಲೆ ನಿಂತಿವೆ.

ರೈತನಿಗೆ ಸ್ವಲ್ಪ, ನೀರಿಗೆ ಜಾಸ್ತಿ

ಮೊದಲು ಒಂದು ಲೆಕ್ಕ ಹಾಕೋಣ. ಒಂದು ಎಕರೆ ಅಡಿಕೆ ತೋಟದಲ್ಲಿ ಸುಮಾರು 550 ಮರ ಇರುತ್ತವೆ. ಒಂದು ಮರಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40 ಗ್ರಾಂ, ಪೊಟ್ಯಾಷ್ 140 ಗ್ರಾಂ ಎಂಬುದು ರೂಢಿಯಲ್ಲಿರುವ ಶಿಫಾರಸು. ಎಕರೆಗೆ ರಂಜಕ 22 ಕಿಲೋ ಆಯಿತು. ಗೊಬ್ಬರದ ಚೀಲದ ಮೇಲೆ ಬರೆಯುವುದು ಪಿ2ಒ5 (ರಂಜಕದ ಆಕ್ಸೈಡ್) ಲೆಕ್ಕ, ಈ ಬರಹದಲ್ಲಿ ಗೊಬ್ಬರದ ಪ್ರಮಾಣ ಹೇಳುವುದೂ ಅದೇ ಲೆಕ್ಕದಲ್ಲಿ. ಅದರಲ್ಲಿ ನಿಜವಾದ ರಂಜಕ ಶೇ. 44 ಮಾತ್ರ. ಅಂದರೆ ಹತ್ತು ಕಿಲೋಗೆ ಸ್ವಲ್ಪ ಕಡಿಮೆ.

ಈಗ ಮಳೆಯ ಲೆಕ್ಕ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು 1.6 ಕೋಟಿ ಲೀಟರ್. ಲೆಕ್ಕಕ್ಕೆ ಅದರಲ್ಲಿ ಅರ್ಧ ಹರಿದು ಹೋಯಿತು ಎಂದಿಟ್ಟುಕೊಳ್ಳಿ. ಹಾಕಿದ ನಿಜವಾದ ರಂಜಕದಲ್ಲಿ ಹತ್ತರಲ್ಲಿ ಒಂದು ಪಾಲು ಆ ನೀರಿನ ಜೊತೆ ಹೋದರೆ, ಲೀಟರಿಗೆ 0.12 ಮಿಲಿಗ್ರಾಂ ಬರುತ್ತದೆ. ಹರಿಯುವ ಹೊಳೆಯಲ್ಲಿ ರಂಜಕ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು, ಕೆರೆ ಅಥವಾ ಜಲಾಶಯ ಸೇರುವ ಹೊಳೆಯಾದರೆ 0.05 ಮೀರಬಾರದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1986ರಲ್ಲೇ ಸೂಚಿಸಿತ್ತು. ನಿಮಗೆ ಹತ್ತರಲ್ಲಿ ಒಂದು ಪಾಲು ಹೋದದ್ದು ಗೊತ್ತೂ ಆಗುವುದಿಲ್ಲ. ಹೊಳೆಗೆ ಅಷ್ಟೇ ಸಾಕು.

ಇಷ್ಟು ಕಡಿಮೆ ರಂಜಕ ಇಷ್ಟು ದೊಡ್ಡ ವಿಷಯ ಯಾಕೆ? ಸಿಹಿ ನೀರಿನಲ್ಲಿ ಪಾಚಿ ಬೆಳೆಯಲು ಸಾಮಾನ್ಯವಾಗಿ ಕೊರತೆಯಾಗಿರುವುದು ರಂಜಕವೇ. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ವಿಜ್ಞಾನಿಗಳು 226 ಸಂಖ್ಯೆಯ ಕೆರೆಯನ್ನು ಪರದೆ ಹಾಕಿ ಎರಡು ಭಾಗ ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ನೀಲಿ-ಹಸಿರು ಪಾಚಿಯಿಂದ ತುಂಬಿತು, ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ಮೀನು ಸಾಯುತ್ತದೆ. ಕೆಲವು ಬಗೆಯ ನೀಲಿ-ಹಸಿರು ಪಾಚಿ ವಿಷವನ್ನೂ ಬಿಡುತ್ತದೆ.

ಜೂನ್-ಜುಲೈಯಲ್ಲಿ ಎಲ್ಲ ಸಮುದ್ರಕ್ಕೆ ಹೋಗುತ್ತದಲ್ವಾ, ನಮಗೇನು ತೊಂದರೆ ಎಂದು ಕೇಳುವವರಿದ್ದಾರೆ. ಒಂದು ಪಾಲು ಹೋಗುತ್ತದೆ, ನಿಜ. ಆದರೆ ಮಣ್ಣಿಗೆ ಅಂಟಿಕೊಂಡ ಪಾಲು ದಾರಿಯಲ್ಲಿ ತಗ್ಗು ಸಿಕ್ಕಲ್ಲಿ ಕೂತುಬಿಡುತ್ತದೆ. ಉಡುಪಿ ನಗರ ಬಹುಕಾಲದಿಂದ ನಂಬಿರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರನ್ನು. ಮಂಗಳೂರು ನಂಬಿರುವುದು ನೇತ್ರಾವತಿಯ ತುಂಬೆ ಅಣೆಕಟ್ಟನ್ನು. ಇವುಗಳ ಮೇಲೆ, ಕೆಳಗೆ ಎಷ್ಟೋ ಕಿಂಡಿ ಅಣೆಕಟ್ಟುಗಳಿವೆ. ಮಳೆ ಮುಗಿದು ಕಿಂಡಿಗಳಿಗೆ ಹಲಗೆ ಹಾಕಿದ ಮೇಲೆ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಬಿಸಿಯಾಗುತ್ತದೆ, ತಳದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಹೂಳಿನಲ್ಲಿ ಕೂತಿದ್ದ ರಂಜಕ ಮತ್ತೆ ನೀರಿಗೆ ಬಿಡುತ್ತದೆ. ನಾವು ಕುಡಿಯಲು ಅದೇ ನೀರನ್ನು ಎತ್ತುವ ಕಾಲವೂ ಅದೇ.

ರಂಜಕ ಕೃಷಿಯಿಂದ ಮಾತ್ರ ಬರುವುದಿಲ್ಲ. ಊರಿನ ಕೊಳಚೆ, ಬಟ್ಟೆ ತೊಳೆದ ನೀರು ಎಲ್ಲ ಅದಕ್ಕೆ ಸೇರುತ್ತವೆ. ಅದಕ್ಕೆ ಸ್ಥಳೀಯ ಆಡಳಿತ ಉತ್ತರ ಹೇಳಬೇಕು. ನಮ್ಮ ತೋಟದ ಕಣಿಯಲ್ಲಿ (ನೀರು ಹರಿಯುವ ಕಾಲುವೆ) ಹೋಗುವ ಪಾಲಿಗೆ ನಾವೇ ಜವಾಬ್ದಾರರು.

ಕೆಂಪು ನೀರೋ, ತಿಳಿ ನೀರೋ?

ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಕಬ್ಬಿಣ, ಅಲ್ಯೂಮಿನಿಯಂ ಅಂಶ ಜಾಸ್ತಿ. ಇವು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಬೆಳೆಗೆ ಇದು ತೊಂದರೆ, ಹಾಕಿದ್ದರಲ್ಲಿ ದೊಡ್ಡ ಪಾಲು ಬೇರಿಗೆ ಸಿಗುವುದಿಲ್ಲ. ಹೊಳೆಗೆ ಒಂದು ರೀತಿಯಲ್ಲಿ ರಕ್ಷಣೆ. ಆದರೆ ಆ ಮಣ್ಣೇ ಕೊಚ್ಚಿಹೋದರೆ ರಂಜಕವೂ ಅದರ ಜೊತೆಗೇ ಹೊರಟಿತು. ಇಳಿಜಾರಿನ ತೋಟ, ಜೆಸಿಬಿಯಲ್ಲಿ ಹೊಸದಾಗಿ ತಟ್ಟು ಮಾಡಿದ ಗುಡ್ಡೆ, ಹೊದಿಕೆ ಇಲ್ಲದ ನೆಲ ಇವುಗಳಿಂದ ರಂಜಕ ಹೋಗುವುದು ಮುಖ್ಯವಾಗಿ ಹೀಗೆ.

ಎರಡನೇ ದಾರಿ ಕರಗಿ ಹೋಗುವುದು. ಮಣ್ಣು ಹಿಡಿದುಕೊಳ್ಳುವುದಕ್ಕೂ ಒಂದು ಮಿತಿ ಇದೆ. ವರ್ಷಗಟ್ಟಲೆ ಜಾಸ್ತಿ ಹಾಕುತ್ತಾ ಬಂದರೆ ಮೇಲ್ಮಣ್ಣು ತುಂಬಿ, ಉಳಿದದ್ದು ನೀರಿಗೆ ಬಿಡಲು ಶುರುವಾಗುತ್ತದೆ. ಮಲ್ಪೆ, ಕಾಪು, ಪಡುಬಿದ್ರಿ ಕಡೆಯ ಸಮುದ್ರ ಬದಿಯ ಮರಳು ಮಣ್ಣಿಗೆ ಹಿಡಿದುಕೊಳ್ಳುವ ಶಕ್ತಿಯೇ ಕಡಿಮೆ. ಅಲ್ಲಿ ಕರಗುವ ಗೊಬ್ಬರ ಕೆಳಗಿಳಿದು ಬಾವಿಯ ನೀರಿಗೂ ಹೋಗಬಹುದು. ನೀರು ನಿಂತ ಗದ್ದೆಯ ಕಥೆ ಇನ್ನೂ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮದು ಯಾವುದು ಎಂದು ತಿಳಿಯಲು ಸುಲಭ ಪರೀಕ್ಷೆ ಒಂದಿದೆ. ಜೋರು ಮಳೆ ಬರುವಾಗ ತೋಟದ ಕಣಿ ತೋಡಿಗೆ ಸೇರುವ ಜಾಗದಲ್ಲಿ ಒಂದು ಬಾಟಲಿ ನೀರು ಹಿಡಿಯಿರಿ. ಗುಡ್ಡೆಯಿಂದ ನೀರು ನಿಮ್ಮ ಜಾಗಕ್ಕೆ ಬರುವಲ್ಲಿ ಇನ್ನೊಂದು ಬಾಟಲಿ. ಎರಡನ್ನೂ ಒಂದು ರಾತ್ರಿ ಅಲುಗಿಸದೆ ಇಡಿ. ಹೊರಗೆ ಹೋಗುವ ನೀರಿನ ತಳದಲ್ಲಿ ಕೆಂಪು ಮಣ್ಣು ಜಾಸ್ತಿ ಕೂತಿದ್ದರೆ ನಿಮ್ಮ ಮೊದಲ ಕೆಲಸ ಮಣ್ಣು ಹಿಡಿಯುವುದು. ತಿಳಿಯಾಗಿದ್ದರೆ ಖುಷಿಪಡಲು ಆತುರ ಬೇಡ. ಕರಗಿದ ರಂಜಕ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಮಣ್ಣು ಪರೀಕ್ಷೆಯ ವರದಿಯೇ ಸಾಕ್ಷಿ.

ಈ ಎರಡು ದಾರಿಗಳನ್ನು ಬೇರೆ ಬೇರೆ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ-ಕೆನಡಾ ಗಡಿಯ ಈರಿ ಸರೋವರ ಒಳ್ಳೆಯ ಪಾಠ. 1972ರಲ್ಲಿ ಅಮೆರಿಕ, ಕೆನಡಾ ಒಪ್ಪಂದ ಮಾಡಿಕೊಂಡು ಕೊಳಚೆ ಮತ್ತು ಸೋಪುಪುಡಿಯ ರಂಜಕ ಕಡಿಮೆ ಮಾಡಿದವು. ಸರೋವರ ಸುಧಾರಿಸಿತು. ಮಣ್ಣು ಕೊಚ್ಚಿಹೋಗದಿರಲಿ ಎಂದು ಅಲ್ಲಿನ ಎಷ್ಟೋ ರೈತರು ಉಳುಮೆಯನ್ನೂ ಬಿಟ್ಟರು. ಮಣ್ಣು ನಿಂತಿತು. ಆದರೆ ಉಳುಮೆ ಇಲ್ಲದ ನೆಲದ ಮೇಲೆ ಎರಚಿದ ಗೊಬ್ಬರ ಮೇಲೆಯೇ ಉಳಿಯಿತು, ಕರಗಿ ನೀರಿಗೆ ಸೇರಿತು. 1990ರ ದಶಕದ ಮಧ್ಯದಿಂದ ಕರಗಿದ ರಂಜಕ ಮತ್ತೆ ಏರಿದ್ದಕ್ಕೆ ಇದೂ ಒಂದು ಕಾರಣ. 2014ರ ಆಗಸ್ಟ್‌ನಲ್ಲಿ ಟೊಲೆಡೊ ನಗರದ ನಲ್ಲಿ ನೀರಿನಲ್ಲಿ ಪಾಚಿಯ ವಿಷ ಸಿಕ್ಕಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಕೆಲವು ದಿನ ಆ ನೀರು ಕುಡಿಯುವಂತಿರಲಿಲ್ಲ.

ಕಡಿಮೆ ಹಾಕುವುದು: ನನ್ನ ಮೊದಲ ಆಯ್ಕೆ

ಎಲ್ಲ ದಾರಿಗಳಲ್ಲಿ ಇದೊಂದೇ ಖರ್ಚು ಉಳಿಸುವ ದಾರಿ. ಮಣ್ಣಿನ ಜೊತೆ ಹೋಗುವುದಕ್ಕೂ, ಕರಗಿ ಹೋಗುವುದಕ್ಕೂ ಎರಡಕ್ಕೂ ಮದ್ದು. ಆದರೂ ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಯಾಕೆಂದರೆ ಕಡಿಮೆ ಹಾಕಲು ಧೈರ್ಯ ಬೇಕು. ಆ ಧೈರ್ಯ ಮಣ್ಣು ಪರೀಕ್ಷೆಯಿಂದ ಬರುತ್ತದೆ.

ಕೇಂದ್ರ ಸರಕಾರದ ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರಿಂದ ಇದೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು, ಬ್ರಹ್ಮಾವರ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು. ವರದಿಯಲ್ಲಿ ಲಭ್ಯ ರಂಜಕ ಹೆಕ್ಟೇರಿಗೆ ಸುಮಾರು 23ರಿಂದ 56 ಕಿಲೋ ಪಿ2ಒ5 ಇದ್ದರೆ ಮಧ್ಯಮ ಎನ್ನುತ್ತಾರೆ. ಅದಕ್ಕಿಂತ ಮೇಲಿದ್ದರೆ ಜಾಸ್ತಿ. ಜಾಸ್ತಿ ಎಂದು ಬಂದ ತೋಟಕ್ಕೆ ಮತ್ತೆ ಪ್ರತಿ ವರ್ಷ ಪೂರ್ತಿ ಪ್ರಮಾಣದ ರಂಜಕ ಸುರಿಯುವುದು ದುಡ್ಡನ್ನು ತೋಡಿಗೆ ಬಿಟ್ಟ ಹಾಗೆ. ಅಲ್ಲಿಯ ತಜ್ಞರನ್ನು ಕೇಳಿ ಅರ್ಧ ಮಾಡಿ, ಅಥವಾ ಒಂದೆರಡು ವರ್ಷ ಬಿಟ್ಟು ನೋಡಿ. ಸಾರಜನಕ, ಪೊಟ್ಯಾಷ್ ಮಾತ್ರ ಮುಂದುವರಿಯಲಿ.

ಇಲ್ಲಿ ಬಹಳ ಜನ ಲೆಕ್ಕ ತಪ್ಪುವುದು ಮಿಶ್ರ ಗೊಬ್ಬರದಲ್ಲಿ. 17:17:17 ಹಾಕುವವರು ಪೊಟ್ಯಾಷ್ ಸಾಲದು ಎಂದು ಚೀಲ ಹೆಚ್ಚಿಸುತ್ತಾರೆ. ಅಡಿಕೆಗೆ ಬೇಕಾದ ಪೊಟ್ಯಾಷ್ 140 ಗ್ರಾಂ, ರಂಜಕ 40 ಗ್ರಾಂ. ಮೂರೂ ಸಮ ಇರುವ ಗೊಬ್ಬರದಲ್ಲಿ ಪೊಟ್ಯಾಷ್ ಪೂರೈಸಲು ಹೋದರೆ ರಂಜಕವೂ 140 ಗ್ರಾಂ ಬೀಳುತ್ತದೆ. ಬೇಕಾದದ್ದಕ್ಕಿಂತ ಮೂರೂವರೆ ಪಟ್ಟು! ಯೂರಿಯಾ, ರಾಕ್ ಫಾಸ್ಫೇಟ್, ಪೊಟ್ಯಾಷ್ ಬೇರೆ ಬೇರೆ ತಂದು ಹಾಕುವುದು ಸ್ವಲ್ಪ ತಾಪತ್ರಯ, ನಿಜ. ಆದರೆ ಪ್ರಮಾಣ ನಿಮ್ಮ ಕೈಯಲ್ಲಿರುತ್ತದೆ.

ಯಾವ ಗೊಬ್ಬರ?

ರಾಕ್ ಫಾಸ್ಫೇಟ್ ನಿಧಾನವಾಗಿ ಕರಗುತ್ತದೆ, ಅದೂ ಹುಳಿ ಮಣ್ಣಿನಲ್ಲಿ. ನಮ್ಮ ಮಣ್ಣಿಗೆ ಇದು ಹೇಳಿ ಮಾಡಿಸಿದ ಗೊಬ್ಬರ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 200 ಗ್ರಾಂ ಹಾಕಿದರೆ 40 ಗ್ರಾಂ ರಂಜಕ ಸಿಗುತ್ತದೆ. ಮಳೆಗೆ ತಟ್ಟನೆ ಕರಗಿ ಹೋಗುವ ಭಯ ಕಡಿಮೆ. ಆದರೆ ಪುಡಿಯಾಗಿರುವುದರಿಂದ ಇಳಿಜಾರಿನಲ್ಲಿ ಮೇಲೆಯೇ ಬಿಟ್ಟರೆ ಮಣ್ಣಿನ ಜೊತೆ ಕೊಚ್ಚಿಹೋಗುತ್ತದೆ. ಮಣ್ಣಿನೊಳಗೆ ಸೇರಿಸಲೇಬೇಕು. ಇನ್ನೊಂದು ಮಾತು: ಸುಣ್ಣ ಅಥವಾ ಡೋಲೊಮೈಟ್ ಹಾಕಿದ ಕೂಡಲೇ ರಾಕ್ ಫಾಸ್ಫೇಟ್ ಹಾಕಬೇಡಿ. ಹುಳಿ ಕಡಿಮೆಯಾದರೆ ಅದು ಕರಗುವುದೂ ಕಡಿಮೆಯಾಗುತ್ತದೆ. ಎರಡರ ನಡುವೆ ಕೆಲವು ತಿಂಗಳ ಅಂತರ ಇರಲಿ.

ಸೂಪರ್ ಫಾಸ್ಫೇಟ್‌ನಲ್ಲಿ ರಂಜಕ ಶೇ. 16, ಡಿಎಪಿಯಲ್ಲಿ ಶೇ. 46. ಎರಡೂ ನೀರಿನಲ್ಲಿ ಬೇಗ ಕರಗುತ್ತವೆ. ತರಕಾರಿ, ಮಟ್ಟುಗುಳ್ಳ ಬದನೆ, ಭತ್ತದಂತಹ ಕೆಲವೇ ತಿಂಗಳ ಬೆಳೆಗೆ ರಾಕ್ ಫಾಸ್ಫೇಟ್ ಕರಗುವವರೆಗೆ ಕಾಯುವ ಪುರುಸೊತ್ತು ಇಲ್ಲ. ಅಲ್ಲಿ ಇವು ಬೇಕು. ಇವೆರಡರಲ್ಲಿ ನಾನು ಆರಿಸುವುದು ಸೂಪರ್. ಅದರಲ್ಲಿ ಗಂಧಕ, ಕ್ಯಾಲ್ಸಿಯಂ ಕೂಡ ಇದೆ. ಡಿಎಪಿಯ 50 ಕಿಲೋ ಚೀಲದಲ್ಲಿ 23 ಕಿಲೋ ರಂಜಕ ಇರುವುದರಿಂದ ಕೈ ಸ್ವಲ್ಪ ಜಾರಿದರೂ ಪ್ರಮಾಣ ಎಲ್ಲೋ ಹೋಗುತ್ತದೆ. ಮಳೆ ಬಿದ್ದ ತೆಂಗಿನ ಬುಡಕ್ಕೆ ಡಿಎಪಿ ಎರಚುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಸಾವಯವ ಎಂದ ಕೂಡಲೇ ನೀರಿಗೆ ಸುರಕ್ಷಿತ ಎಂದುಕೊಳ್ಳುವುದು ನಮ್ಮಲ್ಲಿ ತುಂಬಾ ಕಾಣುತ್ತದೆ. ಕೋಳಿ ಗೊಬ್ಬರ ಇದಕ್ಕೆ ಉದಾಹರಣೆ. ಅದರಲ್ಲಿ ಸಾರಜನಕ ಶೇ. 3 ಇದ್ದರೆ ರಂಜಕ ಶೇ. 2.6ರ ಆಸುಪಾಸು. ಅಡಿಕೆ ಮರಕ್ಕೆ ಐದು ಕಿಲೋ ಕೋಳಿ ಗೊಬ್ಬರ ಹಾಕಿದಿರಿ ಎಂದಿಟ್ಟುಕೊಳ್ಳಿ. 130 ಗ್ರಾಂ ರಂಜಕ ಬಿತ್ತು. ಎಕರೆಗೆ 70 ಕಿಲೋ ದಾಟಿತು, ಅಂದರೆ ಮೂರು ಚೀಲ ಡಿಎಪಿಯಷ್ಟು. ಅದರ ಮೇಲೆ ರಾಸಾಯನಿಕ ರಂಜಕವನ್ನೂ ಹಾಕುವವರಿದ್ದಾರೆ. ಕೋಳಿ ಗೊಬ್ಬರ ಹಾಕುವ ವರ್ಷ ಬೇರೆ ಯಾವ ರಂಜಕವೂ ಬೇಡ. ಒಂದು ವರ್ಷ ಹಾಕಿ ಎರಡು ವರ್ಷ ಬಿಡುವುದು ನೀರಿಗೂ ಒಳ್ಳೆಯದು, ಕಿಸೆಗೂ ಒಳ್ಳೆಯದು.

ಹಟ್ಟಿ ಗೊಬ್ಬರ ಈ ದೃಷ್ಟಿಯಿಂದ ಸೌಮ್ಯ. ರಂಜಕ ಸುಮಾರು ಶೇ. 0.2 ಮಾತ್ರ. ಮರಕ್ಕೆ 12 ಕಿಲೋ ಹಾಕಿದರೆ 24 ಗ್ರಾಂ. ಅದರ ಜೊತೆ ಸೊಪ್ಪು ಹಾಕಿದರೆ ಮಣ್ಣು ಕೊಚ್ಚಿಹೋಗದೆ ಕೂರುತ್ತದೆ, ನೀರು ಇಂಗುತ್ತದೆ. ಹಟ್ಟಿ ಇರುವ ಮನೆಯವರು ಈ 24 ಗ್ರಾಂ ಲೆಕ್ಕಕ್ಕೆ ಹಿಡಿದರೆ ಅಂಗಡಿಯಿಂದ ತರುವ ರಂಜಕ ಎಷ್ಟೋ ಕಡಿಮೆಯಾಗುತ್ತದೆ.

ಯಾವಾಗ, ಎಲ್ಲಿ ಹಾಕಬೇಕು?

ಕರಗುವ ಗೊಬ್ಬರ ಹಾಕಿದ ಮೇಲೆ ಬರುವ ಮೊದಲ ಒಂದೆರಡು ಜೋರು ಮಳೆಗೇ ನಷ್ಟ ಅತಿ ಜಾಸ್ತಿ. ದಿನ ಕಳೆದ ಹಾಗೆ ಮಣ್ಣು ಅದನ್ನು ಹಿಡಿದುಕೊಳ್ಳುತ್ತದೆ, ನಷ್ಟ ಇಳಿಯುತ್ತದೆ. ಹಾಗಾಗಿ ಹವಾಮಾನ ಮುನ್ಸೂಚನೆ ನೋಡಿ ನಾಲ್ಕೈದು ದಿನ ದೊಡ್ಡ ಮಳೆ ಇಲ್ಲದ ಹೊತ್ತು ಆರಿಸಿಕೊಳ್ಳುವುದು ಬಿಟ್ಟಿ ಉಪಾಯ. ಪತ್ತನಾಜೆ (ಮೇ ಕೊನೆ) ಕಳೆದು ಮುಂಗಾರು ಬಾಗಿಲಿಗೆ ಬಂದಾಗ ಆತುರದಲ್ಲಿ ಸುರಿಯುವುದು, ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಮಧ್ಯೆ ಬಿಸಿಲು ಕಂಡಿತೆಂದು ಎರಚುವುದು, ಎರಡೂ ಬೇಡ.

ಅಡಿಕೆ, ತೆಂಗಿಗೆ ಎರಡು ಕಂತಿನಲ್ಲಿ ಗೊಬ್ಬರ ಕೊಡುವುದು ರೂಢಿ, ಮುಂಗಾರಿನ ಮೊದಲು ಒಂದು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು. ರಂಜಕವನ್ನು ಪೂರ್ತಿ ಎರಡನೇ ಕಂತಿಗೆ ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ. ಮಳೆ ಇಳಿದಿರುತ್ತದೆ, ಮಣ್ಣಿನಲ್ಲಿ ಹಸಿ ಇರುತ್ತದೆ, ಬುಡ ಬಿಡಿಸುವ ಕೆಲಸವೂ ಆಗಲೇ ಇರುತ್ತದೆ. ಅಕ್ಟೋಬರಿನ ಸಂಜೆಯ ಗುಡುಗು ಮಳೆಯ ಬಗ್ಗೆ ಮಾತ್ರ ಎಚ್ಚರ ಬೇಕು. ಅದು ಹೊತ್ತು ತರುವ ಮಣ್ಣು ಹಲಗೆ ಹಾಕುವ ಹೊತ್ತಿಗೆ ಕಿಂಡಿ ಅಣೆಕಟ್ಟಿನ ಹಿಂದೆ ಕೂರುತ್ತದೆ. ಅಡಿಕೆಗೆ ಬುಡದಿಂದ ಎರಡೂವರೆ ಮೂರು ಅಡಿ ಸುತ್ತ, ತೆಂಗಿಗೆ ಆರು ಅಡಿ ಸುತ್ತ ಬಿಡಿಸಿ, ಗೊಬ್ಬರ ಹಾಕಿ, ಮಣ್ಣು ಮುಚ್ಚಿ, ಮೇಲೆ ಸೊಪ್ಪು ಅಥವಾ ಸೋಗೆ ಹರಡಿ. ಮಣ್ಣು ಮುಚ್ಚುವ ಆ ಒಂದು ಕೆಲಸಕ್ಕೆ ಆಳಿನ ಖರ್ಚು ಬರುತ್ತದೆ. ಆದರೆ ಕರಗಿ ಹೋಗುವ ರಂಜಕ ತಡೆಯಲು ಅದಕ್ಕಿಂತ ಸುಲಭದ್ದು ಇಲ್ಲ.

ಡ್ರಿಪ್ ಇರುವವರಿಗೆ ಇನ್ನೊಂದು ದಾರಿ: ಬೇಸಿಗೆಯಲ್ಲಿ ನೀರಿನ ಜೊತೆ ಸ್ವಲ್ಪ ಸ್ವಲ್ಪ ಕೊಡುವುದು. ಹರಿದು ಹೋಗುವ ಪ್ರಶ್ನೆಯೇ ಇಲ್ಲ. ಆದರೆ ರಾಕ್ ಫಾಸ್ಫೇಟ್ ಡ್ರಿಪ್‌ನಲ್ಲಿ ಹೋಗದು. ನೀರಲ್ಲಿ ಪೂರ್ತಿ ಕರಗುವ ಗೊಬ್ಬರ ದುಬಾರಿ. ರಂಜಕಕ್ಕಾಗಿಯೇ ಡ್ರಿಪ್ ಹಾಕಿಸುವ ಅಗತ್ಯ ಇಲ್ಲ. ಮೊದಲೇ ಇದ್ದರೆ ಉಪಯೋಗಿಸಿ.

ಗುಡ್ಡೆಯಲ್ಲಿ ಮಣ್ಣು ಹಿಡಿಯುವುದು

ಬಾಟಲಿಯ ತಳದಲ್ಲಿ ಕೆಂಪು ಮಣ್ಣು ಕೂತವರಿಗೆ ಇದು. ಮೂರು ಆಯ್ಕೆಗಳಿವೆ: ಹೊದಿಕೆ, ಹುಲ್ಲಿನ ಸಾಲು, ಗುಂಡಿ-ಬದು.

ಮೂರರಲ್ಲಿ ಹೊದಿಕೆಗೇ ಮೊದಲ ಸ್ಥಾನ. ಮಣ್ಣು ಸಡಿಲವಾಗುವುದು ಮಳೆಹನಿಯ ಪೆಟ್ಟಿಗೆ, ಆ ಪೆಟ್ಟು ನೆಲಕ್ಕೆ ಬೀಳದಂತೆ ಮಾಡಿದರೆ ಅರ್ಧ ಕೆಲಸ ಆಯಿತು. ತರಗೆಲೆ, ಸೋಗೆ, ತೆಂಗಿನ ಸಿಪ್ಪೆ ಏನಿದ್ದರೂ ಸರಿ. ರಬ್ಬರ್ ತೋಟಗಳಲ್ಲಿ ಬೆಳೆಸುವ ಪ್ಯುರೇರಿಯಾ, ಮುಕುನಾದಂತಹ ಬಳ್ಳಿಗಳು ಹೊಸ ತೋಟಕ್ಕೆ ಬಹಳ ಒಳ್ಳೆಯದು. ಕಳೆನಾಶಕ ಹೊಡೆದು ನೆಲ ಬೋಳು ಮಾಡಿ ಮಳೆಗಾಲಕ್ಕೆ ಬಿಡುವ ಅಭ್ಯಾಸ ಈಗ ಜಾಸ್ತಿಯಾಗಿದೆ. ದಯವಿಟ್ಟು ಅದನ್ನು ನಿಲ್ಲಿಸಿ. ಕಳೆಯನ್ನು ಯಂತ್ರದಲ್ಲಿ ಸವರಿ ಅಲ್ಲೇ ಬಿಟ್ಟರೆ ಬೇರು ಮಣ್ಣನ್ನು ಹಿಡಿದಿರುತ್ತದೆ.

ಲಾವಂಚದ ಸಾಲು ಇಳಿಜಾರಿಗೆ ಅಡ್ಡವಾಗಿ, ಸಮಮಟ್ಟದಲ್ಲಿ ನೆಡಬೇಕು. ನೀರನ್ನು ನಿಧಾನ ಮಾಡುತ್ತದೆ, ಮಣ್ಣು ಹಿಂದೆ ಕೂರುತ್ತದೆ. ಒಮ್ಮೆ ಬೇರು ಇಳಿದರೆ ವರ್ಷಗಟ್ಟಲೆ ನೋಡಬೇಕಿಲ್ಲ. ತೋಡಿನ ಬದಿಯಲ್ಲಿ ಕೆಲವು ಅಡಿ ಅಗಲದ ಹುಲ್ಲಿನ ಪಟ್ಟಿ ಬಿಡುವುದೂ ಇದೇ ಕೆಲಸ ಮಾಡುತ್ತದೆ. ಇವೆರಡರ ಮಿತಿಯೂ ಗೊತ್ತಿರಲಿ. ಮಣ್ಣಿಗೆ ಅಂಟಿದ ರಂಜಕವನ್ನು ಹಿಡಿಯುತ್ತವೆ, ಕರಗಿದ್ದನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಹುಲ್ಲು ಕೊಯ್ದು ಹೊರಗೆ ಒಯ್ಯದಿದ್ದರೆ ಪಟ್ಟಿಯ ಮಣ್ಣಿನಲ್ಲಿ ರಂಜಕ ತುಂಬಿ, ಕೊನೆಗೆ ಅದೇ ನೀರಿಗೆ ಬಿಡಲು ಶುರು ಮಾಡುತ್ತದೆ. ಹಸು ಇರುವವರಿಗೆ ಇದು ಲಾಭವೇ, ಮೇವು ಸಿಕ್ಕಿತು. ಹಸು ಇಲ್ಲದವರು ಕೊಯ್ದು ಮೇಲಿನ ಮರಗಳ ಬುಡಕ್ಕೆ ಹಾಕಬಹುದು.

ತೆಂಗಿನ ತೋಟದ ಇಳಿಜಾರಿನಲ್ಲಿ ಒಂದೂವರೆ ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಗುಂಡಿ ತೆಗೆದು, ಕೆಳಬದಿಯ ಬದುವಿನಲ್ಲಿ ಅನಾನಸು ನೆಡುವ ಕ್ರಮ ಇದೆ. ಸಿಪ್ಪೆ ತುಂಬಿದರೆ ಬೇಸಿಗೆಗೆ ತೇವವೂ ಉಳಿಯುತ್ತದೆ. ಇದು ಮಣ್ಣನ್ನೂ, ನೀರನ್ನೂ ಎರಡನ್ನೂ ಹಿಡಿಯುವುದರಿಂದ ಹುಲ್ಲಿನ ಸಾಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಖರ್ಚೂ ಹೆಚ್ಚು, ಕೂತ ಮಣ್ಣನ್ನು ಆಗಾಗ ತೆಗೆದು ಬುಡಕ್ಕೆ ಹಾಕುತ್ತಲೂ ಇರಬೇಕು. ಒಂದು ಎಚ್ಚರಿಕೆ: ತೀರಾ ಕಡಿದಾದ ಗುಡ್ಡೆ, ಕೆಳಗೆ ಮನೆ ಇರುವ ಜಾಗ, ಜೆಸಿಬಿಯಲ್ಲಿ ಕಡಿದು ನಿಲ್ಲಿಸಿದ ಬರೆಯ ಮೇಲ್ಭಾಗ ಇಲ್ಲೆಲ್ಲ ನೀರು ಇಂಗಿಸುವ ಗುಂಡಿ ಬೇಡ. ಮಣ್ಣು ನೀರು ಕುಡಿದು ಜರಿಯುವ ಅಪಾಯ ಇದೆ. ಅಂಥ ಕಡೆ ಹೊದಿಕೆ ಮತ್ತು ಲಾವಂಚವೇ ಸಾಕು.

ಬೈಲಿನ ಗದ್ದೆ

ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನಲ್ಲಿ ಆಮ್ಲಜನಕ ಮುಗಿಯುತ್ತದೆ. ಕಬ್ಬಿಣದ ರೂಪ ಬದಲಾಗುತ್ತದೆ, ಅದು ಹಿಡಿದುಕೊಂಡಿದ್ದ ರಂಜಕ ಸಡಿಲವಾಗುತ್ತದೆ. ಮಳೆಗಾಲದ ಏಣೆಲು ಬೆಳೆಗೆ ಇದು ಒಳ್ಳೆಯದೇ, ಭತ್ತಕ್ಕೆ ಮಣ್ಣಿನ ರಂಜಕವೇ ಸಿಗುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಜಾಸ್ತಿ ಎಂದು ಬಂದ ಬೈಲು ಗದ್ದೆಗೆ ರಂಜಕ ಕಡಿಮೆ ಮಾಡಲು ಹೆದರಬೇಕಾಗಿಲ್ಲ. ಆದರೆ ಆ ನೀರನ್ನು ಹೊರಗೆ ಬಿಟ್ಟರೆ ಸಡಿಲವಾದ ರಂಜಕವೂ ಜೊತೆಗೆ ಹೋಗುತ್ತದೆ.

ಇಲ್ಲಿ ಲಾವಂಚವಾಗಲಿ ಗುಂಡಿಯಾಗಲಿ ಕೆಲಸಕ್ಕೆ ಬಾರದು. ಮಾಡಬೇಕಾದದ್ದು ನೀರನ್ನು ಹಿಡಿದಿಡುವುದು. ಗೊಬ್ಬರವನ್ನು ಕೊನೆಯ ಉಳುಮೆಯಲ್ಲಿ ಕೆಸರಿನೊಳಗೆ ಸೇರಿಸಿ. ಆಮೇಲೆ ಕನಿಷ್ಠ ಒಂದು ವಾರ ಗದ್ದೆ ಹುಣಿ (ಬದು) ಕಡಿದು ನೀರು ಬಿಡಬೇಡಿ. ಉತ್ತ ಕೂಡಲೇ ಕೆಸರು ನೀರು ಬಿಡುವುದು ಎಲ್ಲಕ್ಕಿಂತ ದೊಡ್ಡ ನಷ್ಟ, ಮಣ್ಣೂ ಹೋಗುತ್ತದೆ, ಕರಗಿದ್ದೂ ಹೋಗುತ್ತದೆ. ಹುಣಿ ಗಟ್ಟಿಯಾಗಿದ್ದು ಸ್ವಲ್ಪ ಎತ್ತರ ಇದ್ದರೆ ಜೋರು ಮಳೆಯ ನೀರನ್ನೂ ತಡೆಯಬಹುದು. ಮಳೆಗಾಲದ ನಂತರದ ಸುಗ್ಗಿ, ಕೊಳಕೆ ಬೆಳೆಯಲ್ಲಿ ಮಳೆ ಕಾಟ ಇಲ್ಲದ್ದರಿಂದ ಈ ಚಿಂತೆ ಕಡಿಮೆ.

ಗದ್ದೆಯ ಇನ್ನೊಂದು ಉಪಕಾರ ನಾವು ಮರೆತೇಬಿಟ್ಟಿದ್ದೇವೆ. ಗುಡ್ಡೆಯಿಂದ ಇಳಿದ ಕೆಂಪು ನೀರು ಬೆಟ್ಟು, ಮಜಲು, ಬೈಲು ಹೀಗೆ ಮೆಟ್ಟಿಲಿನಂತೆ ಇರುವ ಗದ್ದೆಗಳಲ್ಲಿ ನಿಂತು ನಿಂತು ತೋಡಿಗೆ ಹೋಗುತ್ತಿತ್ತು. ಮಣ್ಣು ಅಲ್ಲೇ ಕೂರುತ್ತಿತ್ತು. ಗದ್ದೆ ಹಡಿಲು (ಪಾಳು) ಬಿದ್ದು ಹುಣಿ ಒಡೆದರೆ, ಅಥವಾ ಗದ್ದೆಯನ್ನು ಅಡಿಕೆ ತೋಟ ಮಾಡಿ ಆಳದ ಬಸಿಗಾಲುವೆ ತೆಗೆದರೆ, ಆ ನೀರು ನೇರ ಹೊಳೆಗೆ. ಗದ್ದೆಯನ್ನು ತೋಟ ಮಾಡುವುದೇ ಆದರೆ ಕೆಳತುದಿಯ ಒಂದು ಗದ್ದೆಯನ್ನಾದರೂ ಹುಣಿ ಸಮೇತ ಉಳಿಸಿ. ಕಣಿಗಳೆಲ್ಲ ಅದಕ್ಕೆ ಬಂದು, ನಿಂತು, ಮತ್ತೆ ತೋಡಿಗೆ ಹೋಗಲಿ.

ಜಾಗ ಇರುವವರಿಗೆ ಕೆರೆ, ಮದಕವೂ ಇದೇ ಕೆಲಸ ಮಾಡುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಳು ತೆಗೆದು ಮೇಲಿನ ತೋಟಕ್ಕೆ ಹಾಕಿದರೆ ಹೋದ ರಂಜಕ ವಾಪಸ್ ಬಂತು. ನೀರಿನ ಮೇಲೆ ಅಂತರಗಂಗೆ ಬೆಳೆದಿದ್ದರೆ ತೆಗೆದು ಕಾಂಪೋಸ್ಟ್ ಮಾಡಿ, ಅದು ಎಳೆದುಕೊಂಡ ರಂಜಕವೂ ನಿಮ್ಮದೇ. ತೆಗೆಯದೆ ಬಿಟ್ಟರೆ ಅಲ್ಲೇ ಕೊಳೆತು ನೀರಿಗೆ ಬಿಡುತ್ತದೆ.

ಹಟ್ಟಿ ನೀರು

ಹಸು ಸಾಕುವ ಮನೆಗಳಲ್ಲಿ ರಂಜಕ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಹಿಂಡಿಯ ಮೂಲಕ ಬಂದ ರಂಜಕ ಸೆಗಣಿಯಲ್ಲಿ ಹೊರಬರುತ್ತದೆ. ತೆರೆದ ಗೊಬ್ಬರದ ಗ‌ುಂಡಿಗೆ ನಾಲ್ಕು ತಿಂಗಳು ಮಳೆ ಸುರಿದರೆ ಕಪ್ಪು ನೀರು ಉಕ್ಕಿ ತೋಡಿಗೆ ಹರಿಯುತ್ತದೆ. ಹೀಗೆ ಹೋಗುವ ರಂಜಕದಲ್ಲಿ ಕರಗಿದ ಪಾಲು ಜಾಸ್ತಿ, ಪಾಚಿಗೆ ತಕ್ಷಣ ಸಿಗುವಂಥದ್ದು.

ಇದಕ್ಕೆ ಇರುವ ಆಯ್ಕೆಗಳಲ್ಲಿ ಗುಂಡಿಗೆ ಮಾಡು (ಚಾವಣಿ) ಹಾಕಿಸುವುದೇ ಉತ್ತಮ. ತಗಡೋ, ಸೋಗೆಯೋ, ಯಾವುದಾದರೂ ಸರಿ. ಮಾಡಿನ ನೀರು, ಅಂಗಳದ ನೀರು ಗುಂಡಿಗೆ ಬರದಂತೆ ಸುತ್ತ ಸಣ್ಣ ಕಟ್ಟೆ ಕಟ್ಟಿ. ಗೋಬರ್ ಗ್ಯಾಸ್ ಇದ್ದರೆ ಅಡುಗೆಗೆ ಅನಿಲ ಸಿಗುತ್ತದೆ, ಆದರೆ ಸ್ಲರಿಯಲ್ಲಿ ರಂಜಕ ಹಾಗೆಯೇ ಇರುತ್ತದೆ. ಮಳೆಗಾಲದಲ್ಲಿ ಅದನ್ನು ತೋಟಕ್ಕೆ ಬಿಡುವುದು ಡಿಎಪಿ ಎರಚಿದಷ್ಟೇ ನಷ್ಟ. ತರಗೆಲೆ, ಅಡಿಕೆ ಸಿಪ್ಪೆಯ ರಾಶಿಗೆ ಸುರಿದು ಕಾಂಪೋಸ್ಟ್ ಮಾಡಿಟ್ಟು ಅಕ್ಟೋಬರ್ ನಂತರ ಹಾಕಿ.

ಯಾರು ಎಲ್ಲಿಂದ ಶುರು ಮಾಡಬೇಕು?

ಇಳಿಜಾರಿನ ಅಡಿಕೆ, ತೆಂಗು, ರಬ್ಬರ್ ತೋಟದವರು ಹೊದಿಕೆಯಿಂದ ಶುರು ಮಾಡಿ. ಈ ಮಳೆಗಾಲಕ್ಕೇ ಫಲ ಕಾಣುತ್ತದೆ. ಆಮೇಲೆ ರಾಕ್ ಫಾಸ್ಫೇಟ್‌ಗೆ ಬದಲಾಯಿಸಿ, ಅಕ್ಟೋಬರಿನಲ್ಲಿ ಮಣ್ಣೊಳಗೆ ಹಾಕಿ. ಗುಂಡಿ-ಬದುವಿನ ಖರ್ಚು ಆಮೇಲಿನ ಮಾತು. ತಗ್ಗಿನ ಹಳೆಯ ಅಡಿಕೆ ತೋಟದವರಿಗೆ, ಕೋಳಿ ಗೊಬ್ಬರ ವರ್ಷ ವರ್ಷ ಹಾಕಿದವರಿಗೆ ಮಣ್ಣು ಪರೀಕ್ಷೆಯೇ ಮೊದಲ ಕೆಲಸ. ಅಲ್ಲಿ ಹುಲ್ಲಿನ ಪಟ್ಟಿಗೆ ದುಡ್ಡು ಹಾಕಿದರೆ ಹೆಚ್ಚು ಉಪಯೋಗ ಇಲ್ಲ. ಸಮುದ್ರ ಬದಿಯ ಮರಳು ಮಣ್ಣಿನವರು ಕರಗುವ ಗೊಬ್ಬರವನ್ನು ಒಮ್ಮೆಲೇ ಹಾಕದೆ ಸಣ್ಣ ಕಂತುಗಳಲ್ಲಿ, ಸೊಪ್ಪು-ಗೊಬ್ಬರದ ಜೊತೆ ಕೊಡಿ. ಭತ್ತದವರಿಗೆ ಹುಣಿ. ಹಟ್ಟಿ ಇರುವ ಎಲ್ಲರಿಗೂ ಗುಂಡಿಯ ಮಾಡು, ಉಳಿದದ್ದೆಲ್ಲ ಅದರ ನಂತರ.

ಮಣ್ಣಿನ ಮಾದರಿ ತೆಗೆಯಲು ಒಳ್ಳೆಯ ಕಾಲ ಗೊಬ್ಬರ ಹಾಕುವ ಮೊದಲು. ಈಗಾಗಲೇ ಹಾಕಿದ್ದರೆ ಎರಡು ಮೂರು ತಿಂಗಳು ಕಾಯಿರಿ. ಗದ್ದೆಯಲ್ಲಿ ಆರು ಇಂಚು ಆಳ, ತೋಟದಲ್ಲಿ ಮರದ ಬುಡದ ಸುತ್ತ ಗೊಬ್ಬರ ಬೀಳುವ ಜಾಗದಲ್ಲೇ ಒಂದು ಅಡಿ ಆಳ. ಎಂಟು ಹತ್ತು ಕಡೆಯಿಂದ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕೊಟ್ಟರೆ ಸಾಕು. ಗುಡ್ಡೆಯ ಮಣ್ಣು ಮತ್ತು ಬೈಲಿನ ಮಣ್ಣನ್ನು ಒಂದೇ ಚೀಲಕ್ಕೆ ಹಾಕಬೇಡಿ. ಕೊಡುವಾಗ ಹಿಂದಿನ ಎರಡು ವರ್ಷ ಏನೇನು ಹಾಕಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ, ಕೋಳಿ ಗೊಬ್ಬರದ ಲೆಕ್ಕವನ್ನೂ ಸೇರಿಸಿ.